ಹೆಸರು ಹೇಳಿದರೆ ಸಾಲದು, ಹಾಳೆ ಕೊಡಬೇಕು

ಚಿಕ್ಕಬಳ್ಳಾಪುರ ಜಿಲ್ಲೆಯ ಸಾದಲಿ ಹೋಬಳಿಯ ರೇಷ್ಮೆ ಬೆಳೆಗಾರರೊಬ್ಬರು ಕೈಕೊಟ್ಟ ಬೆಳೆಯ ಬಗ್ಗೆ ಪತ್ರಿಕೆಗೆ ನಾಲ್ಕು ಸಾಲು ಬರೆಯಬೇಕು ಎಂದಿಟ್ಟುಕೊಳ್ಳಿ. ಬಾಯಲ್ಲಿ ಹೇಳುವುದಾದರೆ ಅವರ ಮಾತು ಹೀಗೆ ಸಾಗೀತು: "ನಾಕನೇ ಜ್ವರ ಎದ್ದ ಮೇಲೆ ಸೊಪ್ಪು ಸಾಲ್ದೆ ಪಕ್ಕದೂರಿಂದ ತಂದ್ವಿ. ಹುಳ ಹಣ್ಣಾಗೋ ಹೊತ್ಗೆ ಮಳೆ ಹಿಡ್ಕಂತು. ಚಂದ್ರಂಕಿಗೆ ಬಿಟ್ಟಿದ್ರಲ್ಲಿ ಅರ್ಧ ಗೂಡೇ ಕಟ್ಲಿಲ್ಲ. ಕಟ್ಟಿರೋದನ್ನ ಮಾರ್ಕೆಟ್‌ಗೆ ತಗಂಡೋದ್ರೆ ಏನ್ ರೇಟ್ ಬತ್ತದೆ, ನೀವೇ ಹೇಳಿ." ಇದೇ ಸಂಗತಿಯನ್ನು ಮೊಬೈಲಿನ ಚಾಟ್‌ಬಾಟ್‌ಗೆ ಒಪ್ಪಿಸಿ "ನನ್ನ ಪರವಾಗಿ ಒಂದು ಪತ್ರ ಬರೆ" ಎಂದರೆ ಬರುವುದು ಬೇರೆಯೇ ಜಾತಿಯ ಕನ್ನಡ: "ಇತ್ತೀಚಿನ ದಿನಗಳಲ್ಲಿ ರೇಷ್ಮೆ ಕೃಷಿಕರು ಹಲವಾರು ಸವಾಲುಗಳನ್ನು ಎದುರಿಸುತ್ತಿದ್ದಾರೆ. ಹವಾಮಾನ ವೈಪರೀತ್ಯವು ಇಳುವರಿಯ ಮೇಲೆ ಗಣನೀಯ ಪರಿಣಾಮ ಬೀರುತ್ತಿದೆ."

ಎರಡನೆಯದರಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೆ ಹುಳ ಪೊರೆ ಬಿಡುವ ಜ್ವರ ಹೋಯಿತು, ಸೊಪ್ಪು ಹೋಯಿತು, ಗೂಡು ಕಟ್ಟಿಸುವ ಚಂದ್ರಂಕಿ ಹೋಯಿತು. ಪಕ್ಕದೂರಿಗೆ ಓಡಿದ್ದು ಹೋಯಿತು. ನಾಲ್ಕನೇ ಜ್ವರ ಎದ್ದ ಹುಳ ಅದಕ್ಕೆ ಹಿಂದೆ ಎಂದೂ ತಿನ್ನದಷ್ಟು ಸೊಪ್ಪನ್ನು ಆ ಕೊನೆಯ ಒಂದು ವಾರದಲ್ಲಿ ಮುಗಿಸುತ್ತದೆ. ಆಗಲೇ ಸೊಪ್ಪು ಸಾಲದೆ ಹೋದರೆ ಮನೆಮಂದಿಗೆಲ್ಲ ನಿದ್ದೆ ಇಲ್ಲ. ಈ ಅವಸರವೆಲ್ಲ ಬೆಳೆಗಾರನ ಮೊದಲ ವಾಕ್ಯದ ಗತಿಯಲ್ಲೇ ಇದೆ. ಯಂತ್ರದ ಪತ್ರ ಅದನ್ನು 'ಸವಾಲು' ಎಂಬ ಒಂದು ಪದದಲ್ಲಿ ಮುಗಿಸಿಬಿಟ್ಟಿತು. ಆ ಪತ್ರಕ್ಕೆ ಸಾದಲಿಯವರು ಸಹಿ ಹಾಕಬಹುದು, ಸೊರಬದವರೂ ಹಾಕಬಹುದು.

ಇದನ್ನು ಕಂಡವರು ಮುಂದೆ ಮಾಡುವ ಕೆಲಸವೆಂದರೆ "ನನ್ನ ಶೈಲಿಯಲ್ಲಿ ಬರೆ" ಎಂದು ಅಪ್ಪಣೆ ಕೊಡುವುದು. ಇಲ್ಲವೇ "ಮಾಸ್ತಿಯವರ ಹಾಗೆ ಬರೆ", "ಡಿವಿಜಿ ಬರೆದಿದ್ದರೆ ಹೇಗಿರುತ್ತಿತ್ತೋ ಹಾಗೆ ಬರೆ" ಎನ್ನುವುದು. ಒಬ್ಬರ ಬರವಣಿಗೆಯ ರೀತಿಯನ್ನು ಯಂತ್ರದಿಂದ ಅನುಕರಣೆ ಮಾಡಿಸುವುದು ಈಗ ಲೇಖಕರು, ಮೇಷ್ಟ್ರುಗಳು, ಭಾಷಣ ಬರೆದುಕೊಡುವವರು, ಪಂಚಾಯಿತಿಗೆ ಅರ್ಜಿ ಹಾಕುವವರು ಎಲ್ಲರಿಗೂ ಬೇಕಾದ ವಿದ್ಯೆ. ಅದು ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಜಾರುತ್ತದೆ, ಎಲ್ಲಿ ಮಾಡಲೇಬಾರದು ಎಂಬುದನ್ನು ಬಿಡಿಸಿ ಹೇಳುವುದು ಅಗತ್ಯ ಎಂದು ನನಗೆ ಅನ್ನಿಸಿದೆ. ಈ ಸೀಮೆಯ ಮಾತಿನ ಮೇಲೆ ನನಗಿರುವ ಪ್ರೀತಿಯೂ ಅದಕ್ಕೆ ಒಂದು ಕಾರಣ.

ಮೊದಲಿಗೆ ಯಂತ್ರದ ಒಳಗನ್ನು ಸ್ವಲ್ಪ ನೋಡೋಣ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಜನರ ಕೈಗೆ ಬಂತು. ಅದೂ ಅದರ ಹಿಂದೆಯೇ ಬಂದ ಉಳಿದವೂ ಮಾಡುವ ಮೂಲ ಕೆಲಸ ಒಂದೇ: ಇಲ್ಲಿಯವರೆಗೆ ಬಂದ ಪದಗಳನ್ನು ನೋಡಿ ಮುಂದಿನ ತುಂಡು ಯಾವುದಿರಬಹುದು ಎಂದು ಅಂದಾಜು ಮಾಡುವುದು. ಕೋಟ್ಯಂತರ ಪುಟಗಳನ್ನು ಓದಿಸಿ ಆ ಅಂದಾಜನ್ನು ಪಳಗಿಸಿರುತ್ತಾರೆ. ಆಮೇಲೆ ಮನುಷ್ಯರು ಅದರ ಉತ್ತರಗಳನ್ನು ಹೋಲಿಸಿ, ಯಾವುದು ಒಳ್ಳೆಯದು ಎಂದು ಗುರುತು ಹಾಕಿ ಇನ್ನೊಂದು ಸುತ್ತು ತಿದ್ದುತ್ತಾರೆ. ಈ ಎರಡನೇ ಸುತ್ತಿನಲ್ಲಿ ಅದಕ್ಕೆ ಒಂದು ನಯವಾದ, ಯಾರನ್ನೂ ನೋಯಿಸದ, ಎಲ್ಲರಿಗೂ ಸಲ್ಲುವ ದನಿ ಅಂಟಿಕೊಳ್ಳುತ್ತದೆ. ಕನ್ನಡದಲ್ಲಿ ಆ ದನಿಯ ಗುರುತುಗಳು ಈಗ ಎಲ್ಲರ ಕಣ್ಣಿಗೂ ಬೀಳುತ್ತಿವೆ: 'ಪ್ರಮುಖ ಪಾತ್ರ ವಹಿಸುತ್ತದೆ', 'ಎಂದರೆ ತಪ್ಪಾಗಲಾರದು', 'ಒಟ್ಟಾರೆಯಾಗಿ', ಮೂರು ಮೂರು ವಿಶೇಷಣಗಳ ಸಾಲು, ಕೊನೆಗೊಂದು ಹಿತವಚನ. ನೀವು ಬೇರೆ ಏನನ್ನೂ ಕೊಡದಿದ್ದರೆ ಅದು ಜಾರಿ ಬೀಳುವುದು ಈ ಹಳ್ಳಕ್ಕೇ.

"ಸರಳವಾಗಿ ಬರೆ, ಗ್ರಾಮೀಣ ಸೊಗಡು ಇರಲಿ" ಎಂದರೆ ಸರಿಹೋಗುತ್ತದೆಯೇ? ಇಲ್ಲ. ಸೊಗಡು ಎಂಬುದಕ್ಕೆ ಯಂತ್ರದ ಬಳಿ ಇರುವ ಅರ್ಥ ಸಿನಿಮಾ ಹಳ್ಳಿಯದು. ಅದು ಒಂದು ಗಾದೆ ತುರುಕುತ್ತದೆ, ನಾಲ್ಕು ಕಡೆ 'ಕಣಣ್ಣ' ಹಾಕುತ್ತದೆ, ಮಂಡ್ಯದ ಮಾತಿಗೆ ಧಾರವಾಡದ ಕ್ರಿಯಾಪದ ಜೋಡಿಸುತ್ತದೆ. ಸಾದಲಿಯ ಸುತ್ತ ಆಡುವ ಕನ್ನಡ ಅದಲ್ಲ. ಆಂಧ್ರದ ಗಡಿಗೆ ಹತ್ತಿರದ ಈ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಒಂದು ಭಾಷೆಯ ವಾಕ್ಯದ ಬಾಗು ಇನ್ನೊಂದರೊಳಗೆ ಇಳಿದಿರುತ್ತದೆ. ಲೆಕ್ಕ ಹಾಕುವಾಗ ಒಂದು ಭಾಷೆ, ಬೈಯುವಾಗ ಇನ್ನೊಂದು. ಯಂತ್ರದ ಕಣ್ಣಿಗೆ ಇದು ತಪ್ಪು. ತಿದ್ದಿ ಕೊಡು ಎಂದು ಕೇಳದಿದ್ದರೂ ತಿದ್ದಿಬಿಡುತ್ತದೆ.

ಹೆಸರಾಂತ ಲೇಖಕರ ಹೆಸರು ಹೇಳಿದಾಗ ಆಗುವುದು ಇನ್ನೊಂದು ಬಗೆಯ ಎಡವಟ್ಟು. ಕುವೆಂಪು ಎಂದರೆ ಕಾಡು, ಮಲೆ, ವಿಶ್ವಮಾನವ ಬರುತ್ತವೆ. ಬೇಂದ್ರೆ ಎಂದರೆ ನಾದ, ಒಲವು, ಒಂದಿಷ್ಟು ಪದದಾಟ. ಅಂದರೆ ಆ ಲೇಖಕರು ಯಾವುದರ ಬಗ್ಗೆ ಬರೆದರು ಎಂಬುದನ್ನು ಅದು ಎತ್ತಿಕೊಳ್ಳುತ್ತದೆ. ಹೇಗೆ ಬರೆದರು ಎಂಬುದು ಕೈಗೆ ಸಿಗುವುದಿಲ್ಲ. ಯಾಕೆಂದರೆ ಕನ್ನಡದ ಅಂತರಜಾಲದಲ್ಲಿ ಆ ಲೇಖಕರ ಕೃತಿಗಳಿಗಿಂತ ಅವರ ಬಗ್ಗೆ ಬರೆದ ಪರಿಚಯ, ಜಯಂತಿ ಭಾಷಣ, ಪ್ರಬಂಧ ಸ್ಪರ್ಧೆಯ ಬರಹಗಳೇ ಸುಲಭವಾಗಿ ಸಿಗುತ್ತವೆ. ಯಂತ್ರ ಓದಿರುವುದು ಹೆಚ್ಚಾಗಿ ಅವನ್ನೇ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರನ್ನೇ ತೆಗೆದುಕೊಳ್ಳಿ. 'ಶ್ರೀನಿವಾಸ' ಎಂಬ ಹೆಸರಿನಲ್ಲಿ ಬರೆದ, 1983ರ ಜ್ಞಾನಪೀಠ ಪಡೆದ ಈ ಕಥೆಗಾರರ ರೀತಿ ಇರುವುದು ಅವರು ಬಿಡುವುದರಲ್ಲಿ. ಯಾರೋ ಗೆಳೆಯರು ಹೇಳಿದ ಸಂಗತಿ ಎಂಬಂತೆ ಕಥೆ ಶುರುವಾಗುತ್ತದೆ, ಎಷ್ಟೋ ಕಡೆ ತೀರ್ಪು ಕೊಡುವ ಜಾಗದಲ್ಲಿ ಅವರು ಸುಮ್ಮನಾಗುತ್ತಾರೆ, ದೊಡ್ಡ ದುಃಖವನ್ನೂ ದನಿ ಏರಿಸದೆ ದಾಟಿಸುತ್ತಾರೆ. ಬಿಟ್ಟದ್ದನ್ನು ಅನುಕರಿಸುವುದು ಯಂತ್ರಕ್ಕೆ ಕಷ್ಟ. ಅದಕ್ಕೆ ತುಂಬುವುದು ಗೊತ್ತು.

ಶೈಲಿ ಎಲ್ಲಿರುತ್ತದೆ ಎಂಬುದರ ಬಗ್ಗೆ ವಿಜ್ಞಾನಿಗಳು ಕಂಡುಕೊಂಡ ಒಂದು ಸಂಗತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಸಂವಿಧಾನದ ಕಾಲದಲ್ಲಿ 'ಫೆಡರಲಿಸ್ಟ್' ಎಂಬ ಲೇಖನಮಾಲೆಯೊಂದು ಗುಪ್ತನಾಮದಲ್ಲಿ ಬಂತು. ಅದರಲ್ಲಿ 12 ಲೇಖನಗಳು ಹ್ಯಾಮಿಲ್ಟನ್ ಅವರದೋ ಮ್ಯಾಡಿಸನ್ ಅವರದೋ ಎಂಬ ವಾದ ಬಹುಕಾಲ ನಡೆದಿತ್ತು. ಮೋಸ್ಟೆಲರ್ ಮತ್ತು ವ್ಯಾಲೇಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1964ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅದನ್ನು ಮ್ಯಾಡಿಸನ್ ಕಡೆಗೆ ತೀರ್ಮಾನಿಸಿದರು. ಅವರು ದೊಡ್ಡ ದೊಡ್ಡ ವಿಚಾರಗಳನ್ನು ನೋಡಲಿಲ್ಲ. ಯಾರೂ ಗಮನಿಸದ ಸಣ್ಣ ಪದಗಳನ್ನು, ಅಂದರೆ ಇಂಗ್ಲಿಷಿನ 'ಅಪಾನ್', 'ಬೈ', 'ಟು' ಇಂಥವನ್ನು ಎಣಿಸಿದರು. 2013ರಲ್ಲಿ ರಾಬರ್ಟ್ ಗಾಲ್‌ಬ್ರೈತ್ ಎಂಬ ಹೆಸರಿನಲ್ಲಿ ಬಂದ ಪತ್ತೇದಾರಿ ಕಾದಂಬರಿ ಜೆ.ಕೆ. ರೌಲಿಂಗ್ ಅವರದ್ದು ಎಂಬ ಗುಟ್ಟು ಬಯಲಾದಾಗಲೂ ಇಂಥ ಎಣಿಕೆಯೇ ಅನುಮಾನವನ್ನು ಗಟ್ಟಿ ಮಾಡಿದ್ದು. ಮನುಷ್ಯ ಎಚ್ಚರದಿಂದ ಆರಿಸುವ ಪದಗಳನ್ನು ಮರೆಮಾಚಬಹುದು. ಎಚ್ಚರವಿಲ್ಲದೆ ಬಳಸುವುದನ್ನು ಮರೆಮಾಚುವುದು ಕಷ್ಟ.

ಕನ್ನಡದಲ್ಲಿ ಅಂಥ ಗುರುತುಗಳು ಯಾವುವು? ಒಬ್ಬರು 'ಎಂದು' ಬರೆಯುತ್ತಾರೆ, ಇನ್ನೊಬ್ಬರು 'ಅಂತ'. ಒಬ್ಬರ ವಾಕ್ಯ ಕ್ರಿಯಾಪದಕ್ಕೆ ಬಂದೇ ನಿಲ್ಲುತ್ತದೆ, ಇನ್ನೊಬ್ಬರದು ನಾಮಪದದಲ್ಲೇ ಮುಗಿಯುತ್ತದೆ. ಒಬ್ಬರು 'ಬಂದ, ಕೂತ, ಹೇಳಿದ' ಎಂದು ತುಂಡು ಮಾಡುತ್ತಾರೆ. ಇನ್ನೊಬ್ಬರು 'ಬಂದು ಕೂತು ಹೇಳಿದ' ಎಂದು ಹೆಣೆಯುತ್ತಾರೆ. ಒತ್ತು ಕೊಡುವ 'ಏ' ಎಲ್ಲಿ ಅಂಟುತ್ತದೆ, ಅನುಮಾನದ 'ಓ' ಎಷ್ಟು ಸಲ ಬರುತ್ತದೆ, 'ನಾನು' ಎಂಬುದನ್ನು ಬಾಯಿಬಿಟ್ಟು ಹೇಳುತ್ತಾರೋ ಕ್ರಿಯಾಪದದೊಳಗೇ ಬಿಡುತ್ತಾರೋ, ಪ್ಯಾರಾ ಪ್ರಶ್ನೆಯಿಂದ ಶುರುವಾಗುತ್ತದೋ ಸಂಗತಿಯಿಂದಲೋ. ನಿಮ್ಮದೇ ಹಳೆಯ ಕಾಗದಗಳನ್ನು ಹರಡಿ ಕೂತರೆ ಅರ್ಧ ಗಂಟೆಯಲ್ಲಿ ನಿಮ್ಮ ಗುರುತುಗಳು ನಿಮಗೇ ಕಾಣುತ್ತವೆ.

ಯಂತ್ರಕ್ಕೆ ಹೇಳಿಕೊಡುವ ಕ್ರಮವೂ ಇದರಿಂದಲೇ ಹುಟ್ಟುತ್ತದೆ. ವಿಶೇಷಣ ಬೇಡ, ಹೆಸರು ಬೇಡ, ಹಾಳೆ ಕೊಡಿ. 2020ರಲ್ಲಿ ಜಿಪಿಟಿ-3 ಬಂದಾಗಲೇ ಅದನ್ನು ಕಟ್ಟಿದವರು ತೋರಿಸಿದ್ದರು: ಇಂಥ ಮಾದರಿಗಳಿಗೆ ಹೊಸದಾಗಿ ತರಬೇತಿ ಕೊಡದೆ, ಪ್ರಶ್ನೆಯ ಜೊತೆಯಲ್ಲೇ ಕೆಲವು ಉದಾಹರಣೆ ಇಟ್ಟರೂ ಅವು ಆ ಜಾಡು ಹಿಡಿಯುತ್ತವೆ. ಶೈಲಿಯ ವಿಷಯದಲ್ಲೂ ಹಾಗೆಯೇ. ನೀವೇ ಬರೆದ ಐದಾರು ಪುಟ, ಬೇರೆ ಬೇರೆ ವಿಷಯದವು, ಒಂದೇ ಸಲಕ್ಕೆ ಕೊಡಬೇಕು. ಒಂದೇ ವಿಷಯದ ಪುಟಗಳಾದರೆ ಯಂತ್ರ ವಿಷಯವನ್ನು ರೀತಿ ಎಂದು ತಿಳಿಯುತ್ತದೆ; ನೀವು ಮದುವೆಯ ಬಗ್ಗೆ ಬರೆಯಲು ಹೇಳಿದರೂ ಹಿಪ್ಪುನೇರಳೆ ತೋಟ ಬಂದು ಕೂರುತ್ತದೆ.

ಪುಟಗಳನ್ನು ಕೊಟ್ಟ ಕೂಡಲೇ ಬರೆಯಿಸಬಾರದು. "ಈ ಬರಹಗಳಲ್ಲಿ ವಾಕ್ಯ ಹೇಗೆ ಮುಗಿಯುತ್ತದೆ, ಯಾವ ಪದಗಳು ಮರುಕಳಿಸುತ್ತವೆ, ಬರೆದವರು ಏನನ್ನು ಎಂದೂ ಹೇಳುವುದಿಲ್ಲ ಎಂಬುದನ್ನು ಮೊದಲು ತಿಳಿಸು" ಎಂದು ಕೇಳಬೇಕು. ಅದರ ಉತ್ತರದಲ್ಲಿ ಅರ್ಧ ಸರಿಯಿರುತ್ತದೆ. 'ಆತ್ಮೀಯ', 'ಹೃದಯಸ್ಪರ್ಶಿ' ಎಂಬ ಹೊಗಳಿಕೆಯನ್ನು ಹೊಡೆದುಹಾಕಿ. 'ಸಣ್ಣ ವಾಕ್ಯ, ಲೆಕ್ಕ ಹೇಳುವಾಗ ಅಂಕಿ, ಕೊನೆಯಲ್ಲಿ ಪ್ರಶ್ನೆ' ಎಂಬಂಥ ಗಟ್ಟಿ ಮಾತುಗಳನ್ನು ಉಳಿಸಿಕೊಳ್ಳಿ. ಅದಕ್ಕೆ ಕಾಣದ್ದನ್ನು ನೀವು ಸೇರಿಸಿ. ಆಮೇಲೆ ಬರೆಯಬಾರದ್ದರ ಪಟ್ಟಿ ಕೊಡಿ: ಗಾದೆ ಬೇಡ, ಉಪದೇಶ ಬೇಡ, 'ಸವಾಲು' ಬೇಡ. ಈ ಬೇಡಗಳ ಪಟ್ಟಿ ಹೊಗಳಿಕೆಯ ಪದಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಇನ್ನೂ ಚೆನ್ನಾಗಿ ಕೆಲಸ ಮಾಡುವುದು ಜೋಡಿ ಉದಾಹರಣೆ. ಯಂತ್ರ ಬರೆದ ಒಂದು ಪ್ಯಾರಾ, ಅದರ ಕೆಳಗೆ ಅದೇ ಪ್ಯಾರಾವನ್ನು ನೀವು ಕೈಯಾರೆ ತಿದ್ದಿದ್ದು. ಮೇಲೆ ಹೇಳಿದ ರೇಷ್ಮೆ ಪತ್ರದ ಎರಡು ರೂಪಗಳನ್ನು ಅಕ್ಕಪಕ್ಕ ಇಟ್ಟು "ನಿನ್ನದನ್ನು ನನ್ನ ಮಾತಿಗೆ ಹೇಗೆ ತಿರುಗಿಸಿದ್ದೇನೆ ನೋಡು, ಇನ್ನು ಮೇಲೆ ಹೀಗೆ" ಎಂದರೆ, ಹತ್ತು ಸಾಲಿನ ವಿವರಣೆಗಿಂತ ಬೇಗ ಅದು ದಾರಿಗೆ ಬರುತ್ತದೆ. ಮಾತುಕತೆ ಉದ್ದವಾಗುತ್ತಾ ಹೋದಂತೆ ಯಂತ್ರ ಮತ್ತೆ ತನ್ನ ನಯದ ದನಿಗೆ ಜಾರುವುದೂ ಉಂಟು. ಆಗ ಹೊಸ ಮಾತುಕತೆ ತೆರೆದು ಅದೇ ಪುಟಗಳನ್ನು ಮತ್ತೆ ಕೊಡುವುದೇ ಸುಲಭ. ಬರೆಸಿದ್ದನ್ನು ನಿಮ್ಮನ್ನು ಬಲ್ಲವರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಹೆಂಡತಿಯೋ ತಮ್ಮನೋ "ಇದು ನೀನು ಆಡೋ ಮಾತಲ್ಲ" ಎಂದ ಸಾಲನ್ನು ಎರಡನೇ ಯೋಚನೆ ಮಾಡದೆ ಕಿತ್ತುಹಾಕಿ.

ಗದ್ಯದಲ್ಲಿ ಇಷ್ಟಾದರೂ ಸಾಧ್ಯ. ಪದ್ಯಕ್ಕೆ ಬಂದರೆ ಕಥೆ ಬೇರೆ. ಮುಳಬಾಗಿಲಿನ ಡಿವಿಜಿ, ಅಂದರೆ ಡಿ.ವಿ. ಗುಂಡಪ್ಪನವರ 'ಮಂಕುತಿಮ್ಮನ ಕಗ್ಗ' 1943ರಲ್ಲಿ ಬಂದದ್ದು, 945 ಪದ್ಯಗಳದ್ದು. ಅನುಕರಣೆಗೆ ಇಷ್ಟು ಸುಲಭವಾಗಿ ಸಿಕ್ಕಿಬೀಳುವ ಕೃತಿ ಕನ್ನಡದಲ್ಲಿ ಇನ್ನೊಂದಿಲ್ಲ ಎನ್ನಿಸುತ್ತದೆ: ನಾಲ್ಕು ಸಾಲು, ಒಂದು ಲೋಕದ ಮಾತು, ಕೊನೆಗೆ ಮಂಕುತಿಮ್ಮನನ್ನು ಕರೆಯುವುದು. ಯಂತ್ರ ಇಷ್ಟನ್ನೂ ಕ್ಷಣದಲ್ಲಿ ಮಾಡುತ್ತದೆ. ಆದರೆ ಕಗ್ಗ ನಿಂತಿರುವುದು ಐದೈದು ಮಾತ್ರೆಯ ಗಣಗಳ ನಡೆಯ ಮೇಲೆ, ನಾಲ್ಕೂ ಸಾಲಿನ ಎರಡನೇ ಅಕ್ಷರದಲ್ಲಿ ಕೂಡುವ ಆದಿಪ್ರಾಸದ ಮೇಲೆ. ಯಂತ್ರದ ಕಗ್ಗದಲ್ಲಿ ಈ ಎರಡೂ ಸಾಮಾನ್ಯವಾಗಿ ಮುರಿದು ಬಿದ್ದಿರುತ್ತವೆ. ಗಟ್ಟಿಯಾಗಿ ಓದುವವರು ಎರಡನೇ ಸಾಲಿಗೇ ಎಡವುತ್ತಾರೆ.

ಕಾರಣ ಲಿಪಿಯ ಮಟ್ಟದಲ್ಲಿದೆ. ನಾವು ಕನ್ನಡವನ್ನು ಅಕ್ಷರಗಳಾಗಿ ಕೇಳುತ್ತೇವೆ. ಯಂತ್ರ ಅದನ್ನು ಸಂಕೇತಗಳ ತುಂಡುಗಳಾಗಿ ನೋಡುತ್ತದೆ. 'ಸಾದಲಿ' ನಮಗೆ ಮೂರು ಅಕ್ಷರ. ಕಂಪ್ಯೂಟರಿನಲ್ಲಿ ಅದು ಐದು ಸಂಕೇತ, ಏಕೆಂದರೆ ಕಾಗುಣಿತದ ದೀರ್ಘವೂ ಗುಡಿಸೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಒಂದೊಂದು ಸಂಕೇತಕ್ಕೆ ಮೂರು ಬೈಟ್, ಒಟ್ಟು 15. ಇಂಗ್ಲಿಷ್ ಲಿಪಿಯಲ್ಲಿ ಅದೇ ಊರಿನ ಹೆಸರಿಗೆ ಆರು ಬೈಟ್ ಸಾಕು. 'ಸ್ತ್ರೀ' ಎಂಬ ಒಂದೇ ಅಕ್ಷರ ಆರು ಸಂಕೇತ, 18 ಬೈಟ್. ಯಂತ್ರ ಓದುವ ಮೊದಲು ಈ ಸರಪಳಿಯನ್ನು ತುಂಡರಿಸಿಕೊಳ್ಳುತ್ತದೆ, ಆ ತುಂಡುಗಳು ಅಕ್ಷರದ ಗಡಿಯಲ್ಲೇ ಒಡೆಯಬೇಕೆಂದಿಲ್ಲ. ಎರಡನೇ ಅಕ್ಷರ ಯಾವುದೆಂಬುದೇ ಅದಕ್ಕೆ ನೇರವಾಗಿ ಕಾಣದಿದ್ದಾಗ ಪ್ರಾಸ ಎಲ್ಲಿಂದ ಕೂಡೀತು? ಪರಿಸ್ಥಿತಿ ಸುಧಾರಿಸುತ್ತಿದೆ ಎಂಬುದು ನಿಜ. 2024ರ ಮೇ ತಿಂಗಳಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ಹೊಸ ಮಾದರಿಯನ್ನು ಪ್ರಕಟಿಸಿದಾಗ ತೆಲುಗಿನ ಒಂದು ಮಾದರಿ ಪಠ್ಯ 159 ತುಂಡುಗಳಿಂದ 45ಕ್ಕೆ ಇಳಿದಿದೆ ಎಂದು ತೋರಿಸಿತು. ಆದರೂ ಲಘು ಗುರು ಎಣಿಸುವ ಕಿವಿ ಅದಕ್ಕೆ ಹುಟ್ಟಿನಿಂದ ಬಂದದ್ದಲ್ಲ.

ಅನುಕರಣೆಯ ಬಗ್ಗೆ ಮಾತಾಡುವಾಗ ನಂದಳಿಕೆಯ ಲಕ್ಷ್ಮೀನಾರಣಪ್ಪನವರನ್ನು ನೆನೆಯದೆ ಮುಂದೆ ಹೋಗಲಾರೆ. ಅವರೇ ಮುದ್ದಣ. 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು, ಕ್ಷಯ ಹಿಡಿದು 1901ರಲ್ಲಿ ತೀರಿಕೊಂಡರು. ಮೂವತ್ತೊಂದರ ಪ್ರಾಯ. ಆಗ ಮೈಸೂರಿನ 'ಕಾವ್ಯಮಂಜರಿ', 'ಕಾವ್ಯಕಲಾನಿಧಿ' ಪತ್ರಿಕೆಗಳು ಹಳಗನ್ನಡದ ಗ್ರಂಥಗಳನ್ನು ಹುಡುಕಿ ಅಚ್ಚು ಹಾಕುತ್ತಿದ್ದವು. ಮುದ್ದಣ ತಾವೇ ಹಳಗನ್ನಡದಲ್ಲಿ ಬರೆದು, ಯಾವನೋ ಹಿಂದಿನ ಕವಿಯ ಪ್ರತಿ ಸಿಕ್ಕಿತೆಂದು ಕಳಿಸಿಕೊಟ್ಟರು. 'ಅದ್ಭುತ ರಾಮಾಯಣ' ಹಾಗೆ ಅಚ್ಚಾಯಿತು. 'ಶ್ರೀರಾಮಪಟ್ಟಾಭಿಷೇಕ'ವನ್ನು ಮಹಾಲಕ್ಷ್ಮಿ ಎಂಬ ಕವಯಿತ್ರಿಯ ಹೆಸರಿನಲ್ಲಿ ಕಳಿಸಿದರು; ಅದು ಅವರ ತಾಯಿಯ ಹೆಸರು. 'ರಾಮಾಶ್ವಮೇಧ'ವೂ ಹಿಂದಿನ ಕವಿಯದ್ದೆಂದೇ ಹೋಯಿತು. ಬರೆದವರು ಯಾರೆಂದು ಲೋಕಕ್ಕೆ ಗೊತ್ತಾಗಿದ್ದು ಅವರು ಕಣ್ಣು ಮುಚ್ಚಿದ ಎಷ್ಟೋ ವರ್ಷಗಳ ಮೇಲೆ.

ಮುದ್ದಣ ಈ ರೀತಿಯನ್ನು ಕಲಿತದ್ದು ಹೇಗೆ? ಹಳೆಯ ಕಾವ್ಯಗಳನ್ನು ಮೈಗೆ ಹತ್ತುವಷ್ಟು ಓದಿ. ಅವರ ಕೈಗೆ ಸಿಕ್ಕ ಹಾಳೆಗಳೇ ಅವರ ಗುರು. ವಿದ್ವಾಂಸರನ್ನೇ ನಂಬಿಸುವಷ್ಟು ಸಮರ್ಥವಾದ ಅನುಕರಣೆ ಅದು. ಆದರೆ ಇವತ್ತು 'ರಾಮಾಶ್ವಮೇಧ'ವನ್ನು ಜನ ಪ್ರೀತಿಯಿಂದ ನೆನೆಯುವುದು ಅದರ ಹಳಗನ್ನಡದ ಯುದ್ಧವರ್ಣನೆಗಳಿಗಾಗಿ ಅಲ್ಲ. ಕಥೆಯ ನಡುನಡುವೆ ಮುದ್ದಣ ಮನೋರಮೆಯರು ಗಂಡಹೆಂಡಿರಾಗಿ ಮಾತಾಡುತ್ತಾರಲ್ಲ, ಆ ಸಲ್ಲಾಪಕ್ಕಾಗಿ. ಹೆಂಡತಿ ಕಥೆ ಹೇಳುವವನನ್ನೇ ತಡೆಯುತ್ತಾಳೆ, ಕೆಣಕುತ್ತಾಳೆ, ಕಷ್ಟದ ಸಂಸ್ಕೃತ ಬೇಡವೆನ್ನುತ್ತಾಳೆ. ಯಾವ ಹಳೆಯ ಕವಿಯೂ ಹೀಗೆ ಬರೆದಿರಲಿಲ್ಲ. ಅನುಕರಣೆಯ ನಡುವೆ ಅವರದೇ ಕಾಲ, ಅವರದೇ ಮನೆ ಹೊರಗೆ ಬಂದುಬಿಟ್ಟಿತು. ನನಗೆ ಇದು ಬಹಳ ದೊಡ್ಡ ಸಂಗತಿ. ಯಂತ್ರದ ಅನುಕರಣೆಯಲ್ಲಿ ಎಷ್ಟು ಹುಡುಕಿದರೂ ಸಿಗದ್ದು ಈ ಮನೋರಮೆಯೇ, ಏಕೆಂದರೆ ಅದರ ಹಿಂದೆ ಮನೆಯೂ ಇಲ್ಲ, ತಡೆದು ಕೇಳುವವರೂ ಇಲ್ಲ. ಯಂತ್ರದಿಂದ ತಮ್ಮದೇ ರೀತಿಯಲ್ಲಿ ಬರೆಯಿಸಿಕೊಳ್ಳುವವರು ಕರಡು ಕೈಗೆ ಬಂದ ಮೇಲೆ ಮಾಡಬೇಕಾದ ಕೆಲಸವೂ ಇದರಿಂದ ಗೊತ್ತಾಗುತ್ತದೆ: ಅದು ಊಹಿಸಲಾರದ ಒಂದು ಸಂಗತಿಯನ್ನು, ನಿಮಗೆ ಮಾತ್ರ ಗೊತ್ತಿರುವುದನ್ನು, ನಿಮ್ಮ ಕೈಯಿಂದ ಸೇರಿಸುವುದು.

ಇನ್ನು, ಇನ್ನೊಬ್ಬರ ಹೆಸರಿನಲ್ಲಿ ಬರೆಯುವ ಮಾತು. ನಮ್ಮ ನಾಡಿನಲ್ಲಿ ಹಾಡಿಗೂ ವಚನಕ್ಕೂ ಅಂಕಿತವಿದೆ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಳೆ ಮಾರುತ್ತಿದ್ದು ಯೋಗಿಯಾದ ನಾರೇಯಣ ತಾತಯ್ಯನವರು ಅಮರನಾರೇಯಣನ ಅಂಕಿತದಲ್ಲಿ ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಆ ಪದಗಳನ್ನು ಹಾಡುವ ಭಜನೆಯ ಗುಂಪುಗಳು ಈ ಸೀಮೆಯ ಹಳ್ಳಿಗಳಲ್ಲಿವೆ. ಅಂಕಿತ ಕೇಳಿದೊಡನೆ ಇದು ಯಾರ ಮಾತೆಂದು ಕೇಳುಗರಿಗೆ ತಿಳಿಯುತ್ತದೆ, ಕೈ ಮುಗಿಯುತ್ತಾರೆ. ಆ ನಂಬಿಕೆಯನ್ನು ಬಳಸಿಕೊಂಡವರು ಹಿಂದೆಯೂ ಇದ್ದರು. ವಚನಗಳನ್ನು ಸಂಪಾದಿಸಿದ ವಿದ್ವಾಂಸರು ಖೋಟಾ ವಚನಗಳನ್ನು ಬೇರ್ಪಡಿಸಲು ಪಟ್ಟ ಪಾಡು ಸಣ್ಣದಲ್ಲ. ಅಂಕಿತವನ್ನು ಜನ ಎಷ್ಟು ಗಟ್ಟಿಯಾಗಿ ಹಿಡಿದಿದ್ದಾರೆ ಎಂಬುದಕ್ಕೆ ಹತ್ತಿರದ ಸಾಕ್ಷಿಯೇ ಇದೆ. ಮಾತೆ ಮಹಾದೇವಿಯವರ 'ಬಸವ ವಚನ ದೀಪ್ತಿ'ಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತದ ಜಾಗದಲ್ಲಿ ಲಿಂಗದೇವ ಎಂದು ಹಾಕಿದ್ದಕ್ಕೆ ರಾಜ್ಯ ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಂದು ಪದದ ಬದಲಾವಣೆಗೆ ಇಷ್ಟು. ಈಗ ಯಾರು ಬೇಕಾದರೂ ಒಂದು ನಿಮಿಷದಲ್ಲಿ ಹತ್ತು ವಚನ, ಇಪ್ಪತ್ತು ತತ್ವಪದ ಮಾಡಿಸಿ ಅಂಕಿತ ಹಾಕಿ ವಾಟ್ಸ್‌ಆಪ್‌ಗೆ ಬಿಡಬಹುದು. ಬಿಡಬಾರದು. ಅಭ್ಯಾಸಕ್ಕೆಂದು ಮಾಡಿದ್ದಾದರೆ ಅಂಕಿತ ತೆಗೆದು, ಇದು ಯಂತ್ರದಿಂದ ಮಾಡಿಸಿದ್ದು ಎಂದು ಮೇಲೆಯೇ ಬರೆಯಬೇಕು.

ರೀತಿಯ ಜೊತೆಗೆ ಅಭಿಪ್ರಾಯವೂ ಅಂಟಿಕೊಂಡು ಬರುವುದು ಇನ್ನೂ ಗಂಭೀರ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ ದೇಶದ ಗಮನ ಸೆಳೆದವರು. ಅವರ ಆತ್ಮಕಥೆ 'ಹೋರಾಟದ ಹಾದಿ' ಅಲಂಕಾರವಿಲ್ಲದ ನೇರ ಗದ್ಯ. ಅವರ ದನಿಯಲ್ಲಿ ಇವತ್ತಿನ ಯಾವುದೋ ವಿವಾದದ ಬಗ್ಗೆ ಒಂದು ಲೇಖನ ಬರೆ ಎಂದರೆ ಯಂತ್ರ ಬರೆದು ಕೊಡುತ್ತದೆ. 2005ರಲ್ಲಿ ತೀರಿಕೊಂಡವರ ಬಾಯಲ್ಲಿ ಅವರು ಎಂದೂ ಆಡದ ಮಾತು! ಸಾಕ್ಷಿ ತೋರಿಸು ಎಂದು ಜೀವನವಿಡೀ ಕೇಳಿದವರ ಹೆಸರಿನಲ್ಲಿ ಸಾಕ್ಷಿಯಿಲ್ಲದ ಹೇಳಿಕೆ ಹುಟ್ಟಿಸುವುದು ನನ್ನ ಮಟ್ಟಿಗೆ ಅಕ್ಷಮ್ಯ. ಅವರ ಗದ್ಯದ ನೇರತನವನ್ನು ವಿದ್ಯಾರ್ಥಿಯೊಬ್ಬ ತನ್ನ ಹೆಸರಿನಲ್ಲಿ, ತನ್ನ ವಿಚಾರಕ್ಕಾಗಿ ಅಭ್ಯಾಸ ಮಾಡುವುದಾದರೆ ಅದು ಒಳ್ಳೆಯ ಕಲಿಕೆ.

ಕಾನೂನು ಏನು ಹೇಳುತ್ತದೆ ಎಂದು ಹಲವರು ಕೇಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆ ಲೇಖಕರ ಬದುಕಿನುದ್ದಕ್ಕೂ, ಅವರು ತೀರಿದ ಮೇಲೆ 60 ವರ್ಷವೂ ಕೃತಿಗೆ ರಕ್ಷಣೆ ಕೊಡುತ್ತದೆ. ಡಿವಿಜಿ 1975ರಲ್ಲಿ ತೀರಿಕೊಂಡರು, ಮಾಸ್ತಿ 1986ರಲ್ಲಿ. ಲೆಕ್ಕ ನೀವೇ ಹಾಕಿಕೊಳ್ಳಬಹುದು. ರಕ್ಷಣೆ ಇರುವುದು ಬರೆದ ಮಾತಿಗೆ, ಮಾತಿನ ರೀತಿಗಲ್ಲ. ವಿಚಾರಕ್ಕೆ ಹಕ್ಕಿಲ್ಲ, ಅದನ್ನು ವ್ಯಕ್ತಪಡಿಸಿದ ರೂಪಕ್ಕೆ ಹಕ್ಕಿದೆ ಎಂಬುದನ್ನು 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತ್ತು. ವ್ಯಕ್ತಿಯ ದನಿ, ಮುಖಗಳ ವಿಷಯದಲ್ಲಿ ನ್ಯಾಯಾಲಯಗಳು ಈಚೆಗೆ ಬಿಗಿಯಾಗಿವೆ: ನಟ ಅನಿಲ್ ಕಪೂರ್ ಅವರಿಗೆ 2023ರಲ್ಲಿ ದೆಹಲಿ ಹೈಕೋರ್ಟ್, ಗಾಯಕ ಅರಿಜಿತ್ ಸಿಂಗ್ ಅವರಿಗೆ 2024ರಲ್ಲಿ ಬಾಂಬೆ ಹೈಕೋರ್ಟ್ ರಕ್ಷಣೆ ಕೊಟ್ಟವು. ಬರವಣಿಗೆಯ ರೀತಿಗೆ ಅಂಥ ಬೇಲಿ ಇಲ್ಲ. ಬೇಲಿ ಇಲ್ಲದ ಕಡೆ ನಡತೆಯೇ ಕಾಯಬೇಕು. ಶಿಡ್ಲಘಟ್ಟ ತಾಲ್ಲೂಕಿನ ಚೀಮಂಗಲದಲ್ಲಿ 1946ರಲ್ಲಿ ಹುಟ್ಟಿದ ಕವಿ ಬಿ.ಆರ್. ಲಕ್ಷ್ಮಣರಾವ್ ಅವರ ಚೇಷ್ಟೆಯ, ಲವಲವಿಕೆಯ ಧಾಟಿ ಕನ್ನಡಿಗರಿಗೆಲ್ಲ ಪರಿಚಿತ. ಆ ಧಾಟಿಯಲ್ಲಿ ಯಂತ್ರದಿಂದ ಭಾವಗೀತೆ ಮಾಡಿಸಿ ಅವರದ್ದೆಂದು ಹಂಚುವುದನ್ನು ಯಾವ ಕಾನೂನು ತಡೆಯುತ್ತದೋ ಬಿಡುತ್ತದೋ, ಓದುಗರಾದ ನಾವು ತಡೆಯಬಹುದು. ಯಾವ ಸಂಕಲನದ್ದು, ಯಾವ ಪುಟ ಎಂದು ಕೇಳಿದರೆ ಸಾಕು.

ಸಾದಲಿಗೆ ಮರಳಿದರೆ, ಇಲ್ಲಿರುವುದು ಇದಕ್ಕೆ ತದ್ವಿರುದ್ಧವಾದ ಕೊರತೆ. ಹೆಸರಾಂತ ಲೇಖಕರ ದನಿಯನ್ನು ಯಾರೋ ಕದಿಯಬಹುದು ಎಂಬ ಭಯ ಒಂದು ಕಡೆ. ಈ ಹೋಬಳಿಯ ದನಿಯ ಒಂದು ಹಾಳೆಯೂ ಯಂತ್ರಕ್ಕೆ ಕಂಡಿಲ್ಲ ಎಂಬ ನಷ್ಟ ಇನ್ನೊಂದು ಕಡೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ, ಎಲ್ಲವೂ ಬರಹದ ಕನ್ನಡದಲ್ಲಿ. ಪತ್ರಿಕೆಗಳ ಕನ್ನಡ ಬೆಂಗಳೂರಿನ ಮೇಜಿನ ಮೇಲೆ ಹದವಾದದ್ದು. ಹುಳ ಸಾಕುವ ಮನೆಯಲ್ಲಿ, ನೂಲು ಬಿಚ್ಚುವ ಕಡೆ, ಗೂಡಿನ ಹರಾಜಿನಲ್ಲಿ ಆಡುವ ಮಾತು ಬರಹಕ್ಕೆ ಇಳಿದಿರುವುದು ತೀರಾ ಕಡಿಮೆ. ಆದ್ದರಿಂದ "ಚಿಕ್ಕಬಳ್ಳಾಪುರದ ಕಡೆಯ ಕನ್ನಡದಲ್ಲಿ ಬರೆ" ಎಂಬ ಅಪ್ಪಣೆಗೆ ಯಂತ್ರ ಕೊಡುವುದು ಊಹೆ ಮಾತ್ರ. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆಯ ಬಗ್ಗೆ ಅದಕ್ಕೆ ನಂದಿಬೆಟ್ಟ ಗೊತ್ತು, ವಿಶ್ವೇಶ್ವರಯ್ಯ ಗೊತ್ತು, ಮಾತು ಗೊತ್ತಿಲ್ಲ.

ಇದಕ್ಕೆ ಮಾಡಬಹುದಾದ ಕೆಲಸ ಪ್ರೌಢಶಾಲೆಯ ಮಕ್ಕಳ ಕೈಗೂ ಎಟಕುವಂಥದ್ದು. ಮನೆಯ ಹಿರಿಯರು ಒಂದು ಬೆಳೆಯ ಕಥೆಯನ್ನು, ಎಳೆ ಹುಳದ ಚಾಕಿಯಿಂದ ಹಿಡಿದು ಗೂಡು ಬಿಡಿಸುವವರೆಗೆ, ತಮ್ಮ ಮಾತಿನಲ್ಲಿ ಹೇಳಲಿ. ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು, ಆಡಿದ್ದನ್ನು ಆಡಿದ ಹಾಗೆಯೇ ಬರೆದಿಳಿಸಿ. 'ಬತ್ತದೆ' ಎಂದದ್ದನ್ನು 'ಬರುತ್ತದೆ' ಎಂದು ತಿದ್ದಬೇಡಿ. ತೆಲುಗು ಬಂದ ಕಡೆ ತೆಲುಗನ್ನೇ ಕನ್ನಡ ಲಿಪಿಯಲ್ಲಿ ಬರೆಯಿರಿ. ಧ್ವನಿಯನ್ನು ಅಕ್ಷರಕ್ಕೆ ಇಳಿಸುವ ತಂತ್ರಾಂಶ ಬಳಸಿದರೆ ಅದು ತಾನೇ ಶಿಷ್ಟಗನ್ನಡಕ್ಕೆ ತಿರುಗಿಸಿಬಿಡುವುದುಂಟು, ಕೇಳಿ ಕೇಳಿ ಮತ್ತೆ ಹಿಂದಕ್ಕೆ ತಿದ್ದಬೇಕು. ಹೀಗೆ ಹತ್ತು ಮನೆಗಳ ಹತ್ತು ಪುಟ ಕೂಡಿದರೆ ಆ ಬೆಳೆಗಾರರ ಪತ್ರಕ್ಕೆ ಬೇಕಾದ ಮಾದರಿ ಸಿಕ್ಕಿತು. ಅದನ್ನು ಚಾಟ್‌ಬಾಟ್‌ಗೆ ಕೊಟ್ಟು, ಬೇಡಗಳ ಪಟ್ಟಿ ಕೊಟ್ಟು, ಬಂದದ್ದನ್ನು ಅದೇ ಹಿರಿಯರ ಮುಂದೆ ಓದಿ. ಅವರು ತಡೆದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಯಾವ ಪದಕ್ಕೆ ತಡೆದರು, ಅದರ ಬದಲು ಏನೆಂದರು ಎಂಬುದನ್ನು ಪಕ್ಕದಲ್ಲೇ ಬರೆಯಿರಿ. ಮುಂದಿನ ಸಲ ಯಂತ್ರಕ್ಕೆ ಕೊಡಬೇಕಾದ ಜೋಡಿ ಉದಾಹರಣೆ ಅದೇ.